ಗೋಡೆ ಹೊಟ್ಟೆ ಬಿಟ್ಟಿದೆ, ಡೆಕ್ ಕಟ್ಟಬಹುದಾ?

ಪ್ರಶ್ನೆ: ಸರ್, ನಮ್ಮ ಮನೆ ಚಿತ್ರದುರ್ಗದಲ್ಲಿ, ಜೋಗಿಮಟ್ಟಿ ಕಡೆಯ ಇಳಿಜಾರಿನಲ್ಲಿದೆ. ಸೈಟು 40x60. ಮನೆ ಹಿಂದೆ 18 ಅಡಿ ಜಾಗ ಇದೆ, ಅಷ್ಟರಲ್ಲೇ ನೆಲ ಎಂಟೂವರೆ ಅಡಿ ಇಳಿದುಬಿಡುತ್ತದೆ. ನಾಲ್ಕು ವರ್ಷದ ಹಿಂದೆ ಹಿಂಬದಿಯ ಗಡಿಗೆ 40 ಅಡಿ ಉದ್ದಕ್ಕೆ ಸೈಜುಗಲ್ಲಿನ ಗೋಡೆ ಕಟ್ಟಿಸಿ, ಒಳಗೆ ಕೆರೆ ಹೂಳು ತುಂಬಿಸಿ ಮಟ್ಟ ಮಾಡಿದೆವು. ಗೋಡೆ ಬುಡದಲ್ಲಿ ಎರಡೂವರೆ ಅಡಿ ದಪ್ಪ, ಮೇಲೆ ಒಂದೂವರೆ ಅಡಿ. ಹೋದ ಅಕ್ಟೋಬರ್ ಮಳೆಗೆ ಮಧ್ಯದಲ್ಲಿ 14 ಅಡಿಯಷ್ಟು ಹೊಟ್ಟೆ ಬಿಟ್ಟಿದೆ, ಅಡ್ಡಕ್ಕೆ ಒಂದು ಬಿರುಕೂ ಬಂದಿದೆ. ಮೇಸ್ತ್ರಿ ಹೊರಗಿನಿಂದ ಪ್ಲಾಸ್ಟರ್ ಮಾಡಿ ಮೇಲೊಂದು ಆರ್‌ಸಿಸಿ (ಸರಳು ಹಾಕಿದ ಕಾಂಕ್ರೀಟ್) ಬೆಲ್ಟ್ ಹಾಕೋಣ ಅಂತಾರೆ. ಇನ್ನೊಬ್ಬ ಕಂಟ್ರ್ಯಾಕ್ಟರ್ ಪೂರ್ತಿ ಕೆಡವಿ ಆರ್‌ಸಿಸಿ ಗೋಡೆ ಕಟ್ಟಬೇಕು ಅಂತಾರೆ. ಅಮ್ಮನಿಗೆ ಸಂಜೆ ಕೂತು ಬೆಟ್ಟ ನೋಡಲು 12x20ರ ಡೆಕ್, ಅಂದರೆ ಕಂಬದ ಮೇಲೆ ನಿಲ್ಲುವ ತೆರೆದ ಜಗಲಿ, ಮಾಡಿಸುವ ಆಸೆ ಇತ್ತು. ಅದರ ಕಂಬ ಗೋಡೆ ಮೇಲೇ ಕೂರಿಸಿದರೆ ಖರ್ಚು ಉಳಿಯುತ್ತದೆ ಅಂತ ಒಬ್ಬರು ಹೇಳಿದರು. ಏನು ಮಾಡೋಣ?

ಉತ್ತರ: ಮೊದಲು ಕೊನೆಯದಕ್ಕೆ ಉತ್ತರ ಹೇಳಿಬಿಡುತ್ತೇನೆ. ಆ ಗೋಡೆ ಮೇಲೆ ಕಂಬ ಬೇಡ. ಹೂಕುಂಡ ಕೂಡ ಬೇಡ. ಆದರೆ ಡೆಕ್ ಬೇಡ ಅಂತ ನಾನು ಹೇಳುವುದಿಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟು: ನಿಮ್ಮ ಡೆಕ್ಕೇ ನಿಮ್ಮ ಗೋಡೆಗೆ ಮದ್ದು. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನೀವು ಎಂಟೂವರೆ ಅಡಿ ಮಣ್ಣು ಯಾಕೆ ತುಂಬಿಸಿದಿರಿ? ಹಿಂದೆ ಸಮತಟ್ಟಾದ ಜಾಗ ಬೇಕು ಅಂತ. ಸಮತಟ್ಟು ಯಾಕೆ ಬೇಕು? ಕೂತುಕೊಳ್ಳಲು, ಓಡಾಡಲು. ಅಂದರೆ ನಾಲ್ಕು ಕುರ್ಚಿ ಹಾಕುವ ಸುಖಕ್ಕೆ ಗೋಡೆ ಹಿಂದೆ ನೂರೈವತ್ತು ಟನ್ನಿನಷ್ಟು ಮಣ್ಣು ಹೇರಿದ್ದೀರಿ. ಇಳಿಜಾರು ಸೈಟು ಕೊಂಡವರೆಲ್ಲ ಮಾಡುವ ತಪ್ಪೇ ಇದು, ನಿಮ್ಮೊಬ್ಬರದ್ದಲ್ಲ. ಸೈಟು ಸಿಕ್ಕಿದ ತಕ್ಷಣ ಅದನ್ನು ದಾವಣಗೆರೆಯ ಬಡಾವಣೆ ಸೈಟಿನ ಹಾಗೆ ಚಪ್ಪಟೆ ಮಾಡಿಬಿಡಬೇಕು ಅನ್ನೋ ಹಟ. ನಾನು ಇರುವುದು ದಾವಣಗೆರೆಯಲ್ಲೇ, ಇಲ್ಲಿ ನೆಲ ತಾನಾಗಿಯೇ ಚಪ್ಪಟೆ. ದುರ್ಗದಲ್ಲಿ ನೆಲ ಹಾಗಿಲ್ಲ, ಅದಕ್ಕೇ ಅಲ್ವಾ ಅಲ್ಲಿಂದ ಬೆಟ್ಟ ಕಾಣುವುದು.

ಈಗ ಗೋಡೆ ಯಾಕೆ ಉಬ್ಬಿತು ನೋಡೋಣ. ಗೋಡೆಯನ್ನು ಮಣ್ಣು ತಳ್ಳಿತು ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ನೀರು ಬಸಿದು ಹೋಗುವ ಒಳ್ಳೆಯ ಗರಸು ತುಂಬಿದ್ದರೆ, ಎಂಟೂವರೆ ಅಡಿ ಎತ್ತರಕ್ಕೆ ಗೋಡೆಯ ಒಂದೊಂದು ಅಡಿ ಉದ್ದದ ಮೇಲೆ ಸುಮಾರು 600 ಕೆ.ಜಿ. ತಳ್ಳು ಬೀಳುತ್ತದೆ. ಅದೇ ಮಣ್ಣಿನಲ್ಲಿ ಮೇಲಿನವರೆಗೂ ನೀರು ತುಂಬಿಕೊಂಡರೆ ಅದು 1,300 ಕೆ.ಜಿ. ದಾಟುತ್ತದೆ. ಮಣ್ಣು ಅದೇ, ಗೋಡೆ ಅದೇ, ತಳ್ಳು ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ. ನಿಮ್ಮ 40 ಅಡಿಗೆ ಲೆಕ್ಕ ಹಾಕಿಕೊಳ್ಳಿ, 50 ಟನ್ ಮೀರುತ್ತದೆ. ಹಿರಿಯೂರಿನ ಹತ್ತಿರ ಮಾರಿಕಣಿವೆ ನೋಡಿದ್ದೀರಲ್ಲ, 1907ರಲ್ಲಿ ಮುಗಿದ ಕಲ್ಲಿನ ಅಣೆಕಟ್ಟು. 1933ರ ನಂತರ ಮತ್ತೆ 2022ರಲ್ಲಿ ಕೋಡಿ ಬಿತ್ತು, ಆಗಲೂ ಅಲುಗಾಡಲಿಲ್ಲ. ಯಾಕೆಂದರೆ ಅದನ್ನು ನೀರು ತಡೆಯಲಿಕ್ಕೇ ಕಟ್ಟಿದ್ದು, ಬುಡದ ದಪ್ಪವೂ ಅದಕ್ಕೆ ತಕ್ಕ ಹಾಗಿದೆ. ನಿಮ್ಮ ಗೋಡೆ ಮಣ್ಣು ತಡೆಯಲಿಕ್ಕೆ ಕಟ್ಟಿದ್ದು. ಅದರ ಹಿಂದೆ ನೀರು ನಿಲ್ಲಿಸಿದರೆ ಅದನ್ನು ಅಣೆಕಟ್ಟು ಮಾಡಿದ ಹಾಗಾಯಿತು.

ಇದರ ಮೇಲೆ ನೀವು ತುಂಬಿಸಿದ್ದು ಕೆರೆ ಹೂಳು. ಅಗ್ಗಕ್ಕೆ ಸಿಗುತ್ತದೆ, ಟ್ರ್ಯಾಕ್ಟರ್‌ನವರು ಬೇಕಾದಷ್ಟು ತಂದು ಸುರಿಯುತ್ತಾರೆ, ಗೊತ್ತು. ಆದರೆ ಯೋಚನೆ ಮಾಡಿ, ವರ್ಷಾನುಗಟ್ಟಲೆ ಕೆರೆಯ ತಳದಲ್ಲಿ ಕೂತು ನೀರು ಹಿಡಿದಿಟ್ಟ ಮಣ್ಣು ಅದು. ನಿಮ್ಮ ಗೋಡೆ ಹಿಂದೆಯೂ ಅದು ಅದೇ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಮೊದಲ ಮಳೆ ಆ ಬಿರುಕಿನಲ್ಲಿ ನೇರವಾಗಿ ಬುಡಕ್ಕೆ ಇಳಿಯುತ್ತದೆ. ಆಮೇಲೆ ಮಣ್ಣು ಉಬ್ಬುತ್ತದೆ, ಬಿರುಕು ಮುಚ್ಚುತ್ತದೆ, ಒಳಗೆ ಹೋದ ನೀರಿಗೆ ದಾರಿ ಇಲ್ಲ. ಉಬ್ಬುವ ಮಣ್ಣಿನ ತಳ್ಳು ಮೇಲೆ ಹೇಳಿದ ಲೆಕ್ಕದಲ್ಲಿ ಸೇರಿಯೇ ಇಲ್ಲ. ಎರೆ ಮಣ್ಣಿನದೂ ಇದೇ ಕಥೆ. ಜಗಳೂರು, ಚಳ್ಳಕೆರೆ ಕಡೆ ಎರೆ ಹೊಲದ ಅಂಚಿನಲ್ಲಿ ಕಟ್ಟಿದ ಕಾಂಪೌಂಡುಗಳು ಬೇಸಿಗೆಗೊಂದು ಥರ ಮಳೆಗಾಲಕ್ಕೊಂದು ಥರ ವಾಲುವುದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ನಾಲ್ಕು ವರ್ಷ ಹೇಗೆ ನಿಂತಿತ್ತು ಅಂತ ಕೇಳುತ್ತೀರಿ. ಆ ಜಿಗುಟು ಮಣ್ಣು ಒಣಗಿದ್ದಾಗ ತನ್ನ ಅಂಟಿನಿಂದ ತಾನೇ ನಿಂತಿತ್ತು. ಗೋಡೆಗೆ ಕೆಲಸವೇ ಇರಲಿಲ್ಲ. ಕೆಲಸ ಬಂದ ದಿನ ಗೋಡೆ ಸೋತಿತು. ಕಲ್ಲಿನ ಗೋಡೆ ತನ್ನ ತೂಕದಿಂದಲೇ ನಿಲ್ಲಬೇಕು, ಅದಕ್ಕೆ ಬುಡದ ದಪ್ಪ ಎತ್ತರದ ಅರ್ಧದಿಂದ ಮುಕ್ಕಾಲಿನ ಒಳಗೆ ಇರಬೇಕು ಅನ್ನೋದು ನಾವು ಇಟ್ಟುಕೊಳ್ಳುವ ಲೆಕ್ಕ. ಎಂಟೂವರೆ ಅಡಿಗೆ ಕಮ್ಮಿ ಅಂದರೂ ನಾಲ್ಕೂಕಾಲು, ಐದು ಅಡಿ. ನಿಮ್ಮದು ಎರಡೂವರೆ. ಇದು ನಾಲ್ಕು ಅಡಿ ಎತ್ತರದ ಗೋಡೆಯ ದಪ್ಪ. ಈ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಕೋಟೆ ಗೋಡೆ ಇಷ್ಟು ವರ್ಷ ನಿಂತಿದೆಯಲ್ಲ, ಅದಕ್ಕೆ ಸಿಮೆಂಟೇ ಇಲ್ಲ ಅಂತ ದುರ್ಗದಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಸರಿ, ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದಾರೆ. ಅದಕ್ಕೇ ನೀರು ಸಂದಿಯಲ್ಲಿ ಹೊರಗೆ ಬರುತ್ತದೆ, ಹಿಂದೆ ಕಟ್ಟಿಕೊಳ್ಳುವುದಿಲ್ಲ. ಕಲ್ಲು ಒಂದೊಂದೂ ಆನೆಯಂಥದ್ದು, ಕೂತಿರುವುದು ಬಂಡೆಯ ಮೇಲೆ. ನಾವು ಮಾಡುವುದು ಏನು? ಸಣ್ಣ ಸೈಜುಗಲ್ಲು, ಸಂದಿಗೆಲ್ಲ ಸಿಮೆಂಟು ಮೆತ್ತಿ ಪಾಯಿಂಟಿಂಗ್, ಹಿಂದೆ ಹೂಳು. ಆಮೇಲೆ ಕೋಟೆಯ ಜೊತೆ ಹೋಲಿಕೆ.

ನಿಮ್ಮ ಗೋಡೆಯಲ್ಲಿ ನೀರು ಹೋಗಲು ಪೈಪು ಇದೆ ಅಂತ ನೀವು ಬರೆದಿಲ್ಲ. ಇದ್ದರೂ ನಂಬಬೇಡಿ, ಒಂದು ಕೆಲಸ ಮಾಡಿ. ಒಂದು ಸರಳು ತೆಗೆದುಕೊಂಡು ಪೈಪಿನೊಳಗೆ ತೂರಿಸಿ ನೋಡಿ. ಎರಡು ವರ್ಷದ ಹಿಂದೆ ದುರ್ಗದಲ್ಲೇ ಒಂದು ಮನೆಗೆ ಹೋಗಿದ್ದೆ. ಗೋಡೆ ತುಂಬ ಸಾಲಾಗಿ ಪೈಪು, ನೋಡಲು ಬಹಳ ಚೆಂದ. ಮಳೆ ಬಂದು ಮೂರು ದಿನ ಆಗಿತ್ತು, ಮೇಲಿನ ನೆಲ ಇನ್ನೂ ಕಾಲಿಟ್ಟರೆ ಹೂತುಹೋಗುವಷ್ಟು ಹಸಿ, ಆದರೆ ಒಂದು ಪೈಪಿನಲ್ಲೂ ತೇವದ ಗುರುತು ಇರಲಿಲ್ಲ. ಪೈಪಿನ ಬಾಯಲ್ಲಿ ಜೇಡ ಬಲೆ ಕಟ್ಟಿತ್ತು. ಹತ್ತು ಎಂಎಂ ಸರಳು ತೂರಿಸಿದೆ, ಒಂಬತ್ತು ಇಂಚಿಗೆ ಟಕ್ ಅಂತ ನಿಂತಿತು. ಇನ್ನೊಂದಕ್ಕೆ ಹಾಕಿದೆ, ಅಲ್ಲೂ ಒಂಬತ್ತು ಇಂಚು. ಗೋಡೆ ದಪ್ಪ ಎರಡು ಅಡಿ. ಕಟ್ಟಿದವರು ತುಂಡು ಪೈಪನ್ನು ಹೊರಮುಖಕ್ಕೆ ಸಿಕ್ಕಿಸಿ ಹಿಂದೆ ಗಾರೆ ತುಂಬಿದ್ದರು. ಸುಮ್ನೆ ತೋರಿಕೆಗೆ. ಗೋಡೆ ಬುಡದಲ್ಲಿ ಕಲ್ಲಿನ ಸಂದಿಯಿಂದ ಬಿಳಿ ಪುಡಿ ಒಸರಿ ಒಣಗಿತ್ತು. ಪೈಪಿನಲ್ಲಿ ಬರಬೇಕಾದ ನೀರು ಗಾರೆಯನ್ನೇ ಕರಗಿಸಿಕೊಂಡು ದಾರಿ ಮಾಡಿಕೊಳ್ಳುತ್ತಿತ್ತು. ನಿಮ್ಮ ಬಿರುಕಿನ ಅಂಚಿನಲ್ಲೂ ಆ ಬಿಳಿ ಇದೆಯಾ ನೋಡಿ.

ನೀರು ಎಲ್ಲಿಂದ ಬರುತ್ತದೆ ಅನ್ನೋದು ಇನ್ನೊಂದು. ದುರ್ಗದಲ್ಲಿ ಮಳೆಯೇ ಕಮ್ಮಿ ಸರ್ ಅಂತ ಜನ ಹೇಳುತ್ತಾರೆ. ವರ್ಷದ ಲೆಕ್ಕದಲ್ಲಿ ಕಮ್ಮಿ, ಆದರೆ ಬಂದಾಗ ಒಂದೇ ರಾತ್ರಿ ಹೊಡೆಯುತ್ತದೆ. ನಿಮ್ಮ ಮನೆ ತಾರಸಿ 1,200 ಚದರ ಅಡಿ ಅಂದುಕೊಳ್ಳಿ. ಐದು ಸೆಂಟಿಮೀಟರ್ ಮಳೆಗೆ ಅದರಿಂದ ಐದೂವರೆ ಸಾವಿರ ಲೀಟರ್ ಇಳಿಯುತ್ತದೆ. ಅಂದರೆ ಒಂದು ಟ್ಯಾಂಕರ್. ತಾರಸಿಯ ಪೈಪು ಹಿತ್ತಲಿಗೆ ಬಿಟ್ಟಿದ್ದರೆ, ಆ ಟ್ಯಾಂಕರನ್ನು ನೀವೇ ಗೋಡೆ ಹಿಂದೆ ಖಾಲಿ ಮಾಡಿಸಿದ ಹಾಗೆ. ಬಟ್ಟೆ ಒಗೆಯುವ ಕಲ್ಲಿನ ನೀರು, ತೆಂಗಿನ ಪಾತಿ, ಸೋರುವ ಸಂಪು, ಇವೆಲ್ಲ ವರ್ಷಪೂರ್ತಿ ಕೆಲಸ ಮಾಡುವ ಕಳ್ಳರು. ಸಂಪು ಸೋರುತ್ತಿದೆಯಾ ಅಂತ ತಿಳಿಯಲು ರಾತ್ರಿ ತುಂಬಿಸಿ, ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಹಾಕಿ, ಬೆಳಿಗ್ಗೆ ನೋಡಿ. ಇದಕ್ಕೆ ಎಂಜಿನಿಯರ್ ಬೇಕಿಲ್ಲ.

ನಿಮ್ಮ ಮೇಸ್ತ್ರಿಯ ಪ್ಲಾನು ಬಿಟ್ಟುಬಿಡಿ. ಪ್ಲಾಸ್ಟರ್ ಮಾಡಿದರೆ ಈಗ ಸಂದಿಯಲ್ಲಿ ಒಸರುತ್ತಿರುವ ಅಷ್ಟಿಷ್ಟು ನೀರಿಗೂ ಬಾಗಿಲು ಹಾಕಿದ ಹಾಗೆ. ಮೇಲಿನ ಬೆಲ್ಟು ಹೊಟ್ಟೆ ಉಬ್ಬಿದವನ ತಲೆಗೆ ಪೇಟ ಸುತ್ತಿದಂತೆ. ಜೊತೆಗೆ ಬಿರುಕು ಕಣ್ಣಿಗೆ ಕಾಣದೇ ಹೋಗುತ್ತದೆ, ಅದೇ ದೊಡ್ಡ ಅಪಾಯ. ಕಾಣುವ ಬಿರುಕು ಕಾಣದ ಬಿರುಕಿಗಿಂತ ಒಳ್ಳೆಯದು.

ಕಂಟ್ರ್ಯಾಕ್ಟರ್ ಹೇಳಿದ್ದು ತಪ್ಪಲ್ಲ, ಆರ್‌ಸಿಸಿ ಗೋಡೆ ನಿಲ್ಲುತ್ತದೆ. ಆದರೆ ಅದರ ಅಡಿಪಾಯದ ಚಪ್ಪಡಿಯೂ ನಾಲ್ಕೂವರೆ, ಐದು ಅಡಿ ಅಗಲ ಬೇಕು, ಬಹುಪಾಲು ನಿಮ್ಮ ಕಡೆಗೆ. ಅದಕ್ಕೆ ಹಿಂದಿನ ಮಣ್ಣೆಲ್ಲ ತೆಗೆದು ಮತ್ತೆ ತುಂಬಬೇಕು. ಹೇಗೂ ಮಣ್ಣು ತೆಗೆಯಲೇಬೇಕು ಅಂದಮೇಲೆ, ಮತ್ತೆ ಯಾಕೆ ತುಂಬಬೇಕು? ನನ್ನ ಪ್ರಶ್ನೆ ಅದು.

ಆರ್‌ಸಿಸಿ ಅಂದಾಗ ಒಂದು ಹಳೇ ಗಾಯ ನೆನಪಾಗುತ್ತದೆ, ಹೇಳಿಬಿಡುತ್ತೇನೆ. ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಏಳು ಅಡಿಯ ಒಂದು ಗೋಡೆ. ಬೆಳಿಗ್ಗೆ ಸರಳು ಕಟ್ಟುವವರಿಗೆ ಡ್ರಾಯಿಂಗ್ ತೋರಿಸಿ ಬೇರೆ ಸೈಟಿಗೆ ಹೋದೆ. ಸಂಜೆ ಬಂದರೆ ಕಾಂಕ್ರೀಟ್ ಹಾಕಿ ಮುಗಿದಿತ್ತು, ಎಲ್ಲರೂ ಖುಷಿ. ಎರಡು ಮಳೆಗಾಲ ಕಳೆದ ಮೇಲೆ ಗೋಡೆ ಮುಂದಕ್ಕೆ ವಾಲಿತು. ಒಡೆದು ನೋಡಿದರೆ ದಪ್ಪ ಸರಳು ಪೂರಾ ಹೊರಮುಖದಲ್ಲಿ, ಮಣ್ಣಿನ ಕಡೆ ತೆಳು ಸರಳಿನ ಜಾಳಿಗೆ. ಉಲ್ಟಾ. ನೆಲದಲ್ಲಿ ನೆಟ್ಟ ಹಸಿ ಕಬ್ಬನ್ನು ಹಿಂದಿನಿಂದ ತಳ್ಳಿ ನೋಡಿ, ಬುಡದಲ್ಲಿ ಸಿಪ್ಪೆ ಹರಿಯುವುದು ತಳ್ಳಿದ ಕಡೆ. ಆ ಕಡೆಗೇ ಬಲ ಬೇಕು. ಅಂದರೆ ಮುಖ್ಯ ಸರಳು ಮಣ್ಣಿನ ಕಡೆ. ಕಣ್ಣಿಗೆ ಕಾಣುವ ಕಡೆ ಗಟ್ಟಿ ಇರಲಿ ಅಂತ ಕಟ್ಟುವವರಿಗೆ ಅನಿಸುವುದು ಸಹಜ. ಆವತ್ತು ಅಲ್ಲಿ ನಿಂತು ನೋಡದೇ ಇದ್ದದ್ದು ನನ್ನ ತಪ್ಪು. ಅಂದಿನಿಂದ ಕಾಂಕ್ರೀಟ್ ಹಾಕುವ ದಿನ ನಾನು ಸೈಟು ಬಿಟ್ಟು ಕದಲುವುದಿಲ್ಲ.

ಈಗ ನನ್ನ ಸಲಹೆ. ನಿಮ್ಮ ಗೋಡೆಯ ದಪ್ಪ ನಾಲ್ಕು ಅಡಿ ಎತ್ತರಕ್ಕೆ ಸಾಕು ಅಂದೆನಲ್ಲ, ಅದನ್ನು ನಾಲ್ಕು ಅಡಿಗೇ ಇಳಿಸಿ. ಎತ್ತರ ಅರ್ಧ ಆದರೆ ತಳ್ಳು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಗೋಡೆಯನ್ನು ಉರುಳಿಸುವ ಬಲವಂತೂ ಎಂಟರಲ್ಲೊಂದು ಭಾಗ. ಗೋಡೆಯಿಂದ ಮನೆಯವರೆಗೆ ಉಳಿದ ನಾಲ್ಕೂವರೆ ಅಡಿಯನ್ನು 18 ಅಡಿ ಉದ್ದಕ್ಕೆ ಸಲೀಸಾದ ಇಳಿಜಾರು ಮಾಡಿ. ಮಣ್ಣು ಇಳಿಜಾರಾಗಿದ್ದರೆ ತಳ್ಳು ಸ್ವಲ್ಪ ಏರುತ್ತದೆ, ಆದರೂ ಈ ಗೋಡೆ ತಡೆದುಕೊಳ್ಳುತ್ತದೆ. ಆ ಇಳಿಜಾರಿನ ಮೇಲೆ, ಮಣ್ಣಿಗೆ ಭಾರ ಹಾಕದೆ, ಕಂಬದ ಮೇಲೆ ಡೆಕ್ ನಿಲ್ಲಿಸಿ. ಅಮ್ಮನಿಗೆ ಸಮತಟ್ಟು ಜಾಗವೂ ಸಿಕ್ಕಿತು, ಗೋಡೆಗೆ ಉಸಿರೂ ಸಿಕ್ಕಿತು. ತೆಗೆದ ಹೂಳನ್ನು ಯಾರಾದರೂ ತೋಟದವರಿಗೆ ಹೊಡೆಸಿಬಿಡಿ, ಅದಕ್ಕೆ ಸರಿಯಾದ ಜಾಗ ಅದೇ.

ಇದಕ್ಕೂ ಮುಂಚೆ ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಮನೆಯ ಹಿಂದಿನ ಸಾಲಿನ ಪಾಯ ಮೂಲ ನೆಲದಲ್ಲಿ ಇದೆಯಾ, ಅಥವಾ ತುಂಬಿದ ಮಣ್ಣಿನಲ್ಲಿ ಇದೆಯಾ? ಮೂಲೆಯಲ್ಲಿ ಒಂದು ಗುಂಡಿ ತೆಗೆಸಿ ನೋಡಿದರೆ ಗೊತ್ತಾಗುತ್ತದೆ. ತುಂಬಿದ ಮಣ್ಣಿನ ಮೇಲಿದ್ದರೆ ಈ ಪ್ಲಾನು ಅಲ್ಲಿಗೇ ನಿಲ್ಲಿಸಿ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವವರೆಗೆ ಒಂದು ಬುಟ್ಟಿ ಮಣ್ಣೂ ತೆಗೆಯಬೇಡಿ.

ಕೆಡವುವ ಕ್ರಮ ಬಹಳ ಮುಖ್ಯ. ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿ, ಏಪ್ರಿಲ್ ಮಳೆ ಹೊಡೆಯುವ ಮುಂಚೆ ಮುಗಿಸಿ. ಮಳೆಗಾಲದಲ್ಲಿ ಮುಟ್ಟಲೇಬೇಡಿ. ಮೊದಲು ಮಣ್ಣು, ಆಮೇಲೆ ಕಲ್ಲು. ಮೇಲಿನಿಂದ ಒಂದೊಂದು ಅಡಿ ಮಣ್ಣು ತೆಗೆಯುತ್ತಾ, ಅಷ್ಟಷ್ಟೇ ಕಲ್ಲು ಇಳಿಸುತ್ತಾ ಬನ್ನಿ. ಕಲ್ಲನ್ನು ಮೊದಲು ಎಳೆದರೆ ಹಿಂದಿನ ಮಣ್ಣು ಕೆಲಸದವರ ಮೇಲೆ ಬರುತ್ತದೆ. ಒಂದು ಘನ ಮೀಟರ್ ಹಸಿ ಮಣ್ಣು ಹತ್ತಿರ ಹತ್ತಿರ ಎರಡು ಟನ್, ಅದರಡಿ ಸಿಕ್ಕವರನ್ನು ಕೈಯಲ್ಲಿ ಎಳೆದು ತೆಗೆಯಲು ಆಗುವುದಿಲ್ಲ. ಜೆಸಿಬಿಯನ್ನು ಗೋಡೆ ಅಂಚಿಗೆ ತರಬೇಡಿ, ಅದೇ ಏಳೆಂಟು ಟನ್ ತೂಗುತ್ತದೆ. ಮನೆ ಪಕ್ಕದಿಂದ ಕೈ ಚಾಚಿ ಎಷ್ಟು ಎಟಕುತ್ತದೋ ಅಷ್ಟು, ಉಳಿದದ್ದು ಆಳು ಹಚ್ಚಿ ತೆಗೆಸಿ. ನಿಧಾನ ಆಗುತ್ತದೆ, ಆಗಲಿ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿ, ಗೋಡೆ ಪಕ್ಕ ಅವರ ಬೈಕು, ಮಕ್ಕಳು, ದನ ಯಾವುದೂ ಇರದ ಹಾಗೆ ನೋಡಿಕೊಳ್ಳಿ. ಅವರು ದಿನಾ ಕೇಳುತ್ತಿದ್ದರೆ ಅದರಲ್ಲಿ ತಪ್ಪಿಲ್ಲ, ಗೋಡೆ ಬೀಳುವುದು ಅವರ ಅಡುಗೆಮನೆ ಮೇಲೆ.

ಉಬ್ಬಿದ 14 ಅಡಿಯನ್ನು ಮಾತ್ರ ಪಾಯದವರೆಗೂ ಬಿಚ್ಚಿ ಹೊಸದಾಗಿ ಕಟ್ಟಬೇಕು. ಒಂದೇ ಸಲ ಬಿಚ್ಚಬೇಡಿ. ನಾಲ್ಕೈದು ಅಡಿಯ ತುಂಡು ಮಾಡಿಕೊಂಡು, ಒಂದು ಬಿಟ್ಟು ಒಂದು ಬಿಚ್ಚಿ ಕಟ್ಟಿ. ಪಾಯ ಬಿಚ್ಚಿದಾಗ ಬಂಡೆ ಸಿಗಬಹುದು, ದುರ್ಗದಲ್ಲಿ ಅದು ಮಾಮೂಲು. ಬಂಡೆ ಸಿಕ್ಕಿತು, ಇನ್ನು ಭಯ ಇಲ್ಲ ಅಂತ ಮೇಸ್ತ್ರಿ ಖುಷಿಪಡುತ್ತಾರೆ. ಬಂಡೆ ಮಟ್ಟವಾಗಿದ್ದರೆ ಸರಿ. ಕೆಳಮುಖವಾಗಿ ಜಾರಿದ್ದರೆ ಅದು ಜಾರುಬಂಡೆಯೇ, ಗೋಡೆ ಇಡೀ ಮುಂದಕ್ಕೆ ಸರಿಯುತ್ತದೆ. ಅಲ್ಲಿ ಬಂಡೆಯನ್ನು ಮೆಟ್ಟಿಲಿನ ಹಾಗೆ ಕಡಿಯಬೇಕು, ಇಲ್ಲವಾದರೆ ತೂತು ಕೊರೆದು ಸರಳು ನೆಟ್ಟು ಗ್ರೌಟ್ (ತೆಳು ಸಿಮೆಂಟು ಗಾರೆ) ತುಂಬಬೇಕು. ಕಟ್ಟುವಾಗ ಎರಡು ಮುಖಕ್ಕೆ ಚೆಂದದ ಕಲ್ಲು ಇಟ್ಟು ಮಧ್ಯೆ ಚೂರು ಸುರಿಯುವ ಅಭ್ಯಾಸ ಇದೆ, ಅದಕ್ಕೇ ಗೋಡೆ ಎರಡು ಹೋಳಾಗಿ ಹೊಟ್ಟೆ ಬಿಡುವುದು. ಹೊರಮುಖದಿಂದ ಹಿಂಬದಿಯವರೆಗೆ ಹೋಗುವ ಉದ್ದ ಕಲ್ಲು ನಾಲ್ಕೈದು ಅಡಿಗೊಂದು ಇರಲೇಬೇಕು. ನಿಮ್ಮ ಗೋಡೆ ಬಿಚ್ಚಿದಾಗ ಒಳಗೆ ಅಂಥ ಕಲ್ಲು ಸಿಗುತ್ತದಾ ನೋಡಿ. ಸಿಗಲಿಕ್ಕಿಲ್ಲ.

ಹಿಂದೆ ನೀರಿಗೆ ದಾರಿ. ಇಲ್ಲಿ ದುಡ್ಡು ಹಿಡಿಯಬೇಡಿ. ಗೋಡೆಯ ಬೆನ್ನಿಗೆ ಅಂಟಿಕೊಂಡು ಒಂದು ಅಡಿ ದಪ್ಪಕ್ಕೆ ಜಲ್ಲಿ, ಅದರ ಹಿಂದೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಆಮೇಲೆ ಗರಸು. ಬಟ್ಟೆ ಇಲ್ಲದಿದ್ದರೆ ಮಣ್ಣು ಬಂದು ಜಲ್ಲಿ ಸಂದಿಯಲ್ಲಿ ಕೂತು, ನಾಲ್ಕೈದು ಮಳೆಗಾಲಕ್ಕೆ ಜಲ್ಲಿಯೂ ಮಣ್ಣೇ ಆಗುತ್ತದೆ. ಗೊಬ್ಬರದ ಚೀಲ ಹರಿದು ಹಾಕೋಣ ಅನ್ನುವವರಿದ್ದಾರೆ, ಬೇಡ, ಅದರಲ್ಲಿ ನೀರು ಸರಾಗ ಹೋಗುವುದಿಲ್ಲ. ಬುಡದಲ್ಲಿ ತೂತು ಇರುವ ನಾಲ್ಕು ಇಂಚಿನ ಪೈಪನ್ನು ಉದ್ದಕ್ಕೆ ಮಲಗಿಸಿ, ಒಂದು ಪಕ್ಕಕ್ಕೆ ಇಳಿಜಾರು ಕೊಟ್ಟು ಹೊರಗೆ ತನ್ನಿ. ಗೋಡೆಯಲ್ಲಿ ಮೂರು ಇಂಚಿನ ಪೈಪು ಐದು ಅಡಿಗೊಂದು, ಹೊರಕ್ಕೆ ಬಾಗಿರಲಿ, ಮೊದಲ ಸಾಲು ಹೊರಗಿನ ನೆಲದಿಂದ ಅರ್ಧ ಅಡಿ ಮೇಲೆ. ಪೈಪು ಜಲ್ಲಿವರೆಗೂ ಹೋಗಬೇಕು, ಆ ಒಂಬತ್ತು ಇಂಚಿನ ಕಥೆ ಆಗಬಾರದು. ಬಿಚ್ಚದೇ ಉಳಿಸಿಕೊಳ್ಳುವ 26 ಅಡಿಯಲ್ಲೂ ಕೋರ್ ಕಟಿಂಗ್ ಮೆಷಿನ್ ತರಿಸಿ ತೂತು ಕೊರೆಸಿ. ಗರಸನ್ನು ಅರ್ಧ ಅಡಿಯ ಪದರ ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಿ. ಗೋಡೆಯಿಂದ ಮೂರು ಅಡಿಯವರೆಗೆ ಕೈ ದಮ್ಮಸ್ಸೇ ಇರಲಿ, ರೋಲರ್ ತರಬೇಡಿ.

ಹೊರಗಡೆ ಗೋಡೆಯ ಬುಡಕ್ಕೆ ಮೋರಿ ತೋಡುವ ಆಸೆ ಯಾರಿಗಾದರೂ ಬಂದರೆ ತಡೆಯಿರಿ. ಬುಡದ ಮುಂದಿನ ಮಣ್ಣೇ ಗೋಡೆಗೆ ಒತ್ತುಗಲ್ಲು, ಅದನ್ನು ತೋಡಿದರೆ ಗೋಡೆ ಕಾಲು ಜಾರುತ್ತದೆ. ನೆಲದ ಮೇಲೆಯೇ ತೆಳ್ಳಗೆ ಕಾಂಕ್ರೀಟಿನ ತಟ್ಟೆ ಕಾಲುವೆ ಮಾಡಿ ನೀರನ್ನು ರಸ್ತೆ ಚರಂಡಿಗೆ ಮುಟ್ಟಿಸಿ. ಅದು ಕೆಳಗಿನವರ ಜಾಗ ಆದರೆ ಅವರ ಒಪ್ಪಿಗೆ ಬೇಕು, ಇಲ್ಲವಾದರೆ ನಿಮ್ಮ ಒಳಪೈಪಿನಲ್ಲೇ ಎಲ್ಲವನ್ನೂ ನಿಮ್ಮ ಸೈಟಿನ ಮೂಲೆಗೆ ತರಬೇಕಾಗುತ್ತದೆ. ನಗರಸಭೆಯ ಅನುಮತಿ ವಿಷಯವನ್ನೂ ಕೆಲಸ ಶುರು ಆಗುವ ಮುಂಚೆ ಕೇಳಿಬಿಡಿ.

ಇನ್ನು ಡೆಕ್. 12 ಅಡಿ ಮನೆಯಿಂದ ಹೊರಕ್ಕೆ, ಅಂದರೆ ಹೊರಸಾಲಿನ ಕಂಬ ಗೋಡೆಯಿಂದ ಆರು ಅಡಿ ಒಳಗೆ ಬರುತ್ತದೆ. ಅಲ್ಲಿ ಮೇಲಿನ ಎರಡೂಮುಕ್ಕಾಲು ಅಡಿ ತುಂಬಿದ ಮಣ್ಣು, ಅದರ ಕೆಳಗೆ ಮೂಲ ನೆಲ. ಗುಂಡಿ ಐದು ಅಡಿ ಹೋಗಲಿ, ಮೂಲ ನೆಲದೊಳಗೆ ಎರಡು ಅಡಿಯಾದರೂ ಇಳಿಯಲಿ. ಗೋಡೆಯ ಪಾಯದ ತಳದಿಂದ ಮನೆ ಕಡೆಗೆ 45 ಡಿಗ್ರಿ ಗೆರೆ ಎಳೆದರೆ, ಕಂಬದ ಪಾಯ ಆ ಗೆರೆಯ ಕೆಳಗೆ ಕೂರಬೇಕು. ಆಗ ಡೆಕ್ಕಿನ ಭಾರ ಗೋಡೆಯ ಬೆನ್ನಿಗೆ ಬೀಳುವುದಿಲ್ಲ. ಭಾರ ಕಮ್ಮಿ ಏನಲ್ಲ. ಬಾಲ್ಕನಿಗೆ ಚದರ ಮೀಟರಿಗೆ 300 ಕೆ.ಜಿ. ಹಿಡಿಯುತ್ತೇವೆ, ನಿಮ್ಮ 240 ಚದರ ಅಡಿಗೆ ಆರೂವರೆ ಟನ್ ಮೀರುತ್ತದೆ. ದಿನಾ ಅಮ್ಮ ಒಬ್ಬರೇ ಕೂರಬಹುದು, ಆದರೆ ಗೃಹಪ್ರವೇಶಕ್ಕೋ ನಾಮಕರಣಕ್ಕೋ ಮೂವತ್ತು ಜನ ಅಲ್ಲೇ ಊಟಕ್ಕೆ ಕೂರುತ್ತಾರೆ, ಫೋಟೋಗೆ ಎಲ್ಲರೂ ಒಂದೇ ಅಂಚಿಗೆ ಬಂದು ನಿಲ್ಲುತ್ತಾರೆ.

ಒಳಸಾಲನ್ನು ಮನೆ ಗೋಡೆಗೆ ಬೋಲ್ಟ್ ಹೊಡೆದು ನೇತು ಹಾಕಬೇಡಿ. ಬ್ಲಾಕ್ ಗೋಡೆಯಲ್ಲಿ ಆ ಬೋಲ್ಟು ಇವತ್ತು ಹಿಡಿಯುತ್ತದೆ, ನಾಳೆ ಬಿಡುತ್ತದೆ. ಮನೆ ಪಕ್ಕದಲ್ಲೇ ಬೇರೆ ಕಂಬ ಕೊಟ್ಟು ಮಧ್ಯೆ ಒಂದು ಇಂಚು ಸಂದಿ ಬಿಡಿ. ಕಂಬ ಕಬ್ಬಿಣದ್ದಾದರೆ ಅದನ್ನು ಮಣ್ಣೊಳಗೆ ಹೂಳಬೇಡಿ. ಕಾಂಕ್ರೀಟ್ ಪೀಠವನ್ನು ನೆಲದಿಂದ ಅರ್ಧ ಅಡಿ ಮೇಲಕ್ಕೆ ತಂದು, ಅದರ ಮೇಲೆ ಬೇಸ್ ಪ್ಲೇಟ್ ಇಟ್ಟು ಬೋಲ್ಟ್ ಮಾಡಿ. ತುಕ್ಕು ತಿನ್ನುವುದು ಯಾವಾಗಲೂ ಕಬ್ಬಿಣ ಮಣ್ಣಿಗೆ ತಾಗುವ ಎರಡು ಇಂಚಿನಲ್ಲೇ, ಉಳಿದ ಕಂಬ ಹೊಸದರ ಹಾಗೇ ಇರುತ್ತದೆ. ಚೌಕ ಪೈಪಿನ ಕಂಬವಾದರೆ ಮೇಲ್ತುದಿ ವೆಲ್ಡ್ ಮಾಡಿ ಮುಚ್ಚಿ, ಬುಡದಲ್ಲಿ ಸಣ್ಣ ತೂತು ಬಿಡಿ. ಒಳಗೆ ನೀರು ನಿಂತರೆ ಹೊರಗೆ ಎಷ್ಟು ಪೇಂಟ್ ಹೊಡೆದರೂ ಅಷ್ಟೇ. ಕರ್ಣಕ್ಕೆ ಅಡ್ಡಪಟ್ಟಿ ಕೊಡಿ, ಇಳಿಜಾರಿನ ಮೇಲೆ ಎತ್ತರ ಕಂಬಗಳು ನಡೆದಾಡುವಾಗ ಓಲಾಡುತ್ತವೆ, ವಯಸ್ಸಾದವರಿಗೆ ಅದೇ ಭಯ.

ಮೇಲೆ ಏನು ಹಾಸುವುದು ಅನ್ನೋದು ನಿಮ್ಮ ಜೇಬಿಗೆ ಬಿಟ್ಟದ್ದು. ದುರ್ಗದ ಬಿಸಿಲಿಗೆ ಮರ ಸೀಳುತ್ತದೆ, ಗೆದ್ದಲು ಬೇರೆ. ಪ್ಲಾಸ್ಟಿಕ್ ಮಿಶ್ರಿತ ಹಲಗೆಗಳು ಸೀಳುವುದಿಲ್ಲ, ಆದರೆ ಮಧ್ಯಾಹ್ನ ಬರಿಗಾಲಿಡಲು ಆಗದಷ್ಟು ಕಾಯುತ್ತವೆ, ಹಿಗ್ಗಲು ಜಾಗ ಬಿಡದಿದ್ದರೆ ಸೆಟೆದುಕೊಳ್ಳುತ್ತವೆ. ನನ್ನನ್ನು ಕೇಳಿದರೆ ಕಬ್ಬಿಣದ ಚೌಕಟ್ಟಿನ ಮೇಲೆ ಎರಡು ಇಂಚಿನ ಕಲ್ಲು ಚಪ್ಪಡಿ, ಒರಟು ಮುಖ ಮೇಲೆ, ಮಧ್ಯೆ ಸಣ್ಣ ಸಂದಿ. ತೂಕ ಜಾಸ್ತಿ, ಅದನ್ನು ಚೌಕಟ್ಟಿನ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಆದರೆ ಸಂಜೆ ಒಂದು ಬಕೆಟ್ ನೀರು ಎರಚಿದರೆ ತಣ್ಣಗಾಗುತ್ತದೆ, ಅಮ್ಮ ನೆಲದ ಮೇಲೇ ಕೂರಬಹುದು. ಕಂಬಿ ಮೂರೂವರೆ ಅಡಿಗಿಂತ ಕಮ್ಮಿ ಬೇಡ, ಸರಳುಗಳ ಮಧ್ಯೆ ಮಗುವಿನ ತಲೆ ತೂರಬಾರದು. ಡೆಕ್ಕಿನ ಕೆಳಗೆ ಹಳೇ ಹಲಗೆ, ಸೌದೆ ಒಟ್ಟಬೇಡಿ, ದುರ್ಗದ ಚೇಳಿಗೆ ಅದಕ್ಕಿಂತ ಒಳ್ಳೆ ಮನೆ ಇಲ್ಲ. ಉಳಿದ ಇಳಿಜಾರಿಗೆ ಲಾವಂಚ ನೆಡಿ, ಬೇರು ಆಳಕ್ಕೆ ಹೋಗಿ ಮಣ್ಣು ಹಿಡಿಯುತ್ತದೆ. ಗೋಡೆ ಪಕ್ಕ ಬೇವು, ಅರಳಿ ಮೊಳೆತರೆ ಚಿಕ್ಕದಿದ್ದಾಗಲೇ ಕಿತ್ತುಬಿಡಿ.

ಕೆಲಸ ಶುರು ಆಗುವವರೆಗೆ ಇವತ್ತೇ ಮಾಡಬೇಕಾದ್ದು ನಾಲ್ಕು. ತಾರಸಿ ಪೈಪಿಗೆ ಇನ್ನೊಂದು ಪೈಪು ಜೋಡಿಸಿ ನೀರನ್ನು ಮನೆ ಮುಂದಿನ ಚರಂಡಿಗೆ ತಿರುಗಿಸಿ. ಹಿತ್ತಲಿನ ಮಣ್ಣಿನ ಬಿರುಕಿಗೆಲ್ಲ ಮಣ್ಣು ತುಂಬಿ ಮೇಲೆ ಟಾರ್ಪಾಲು ಹೊದಿಸಿ. ಮತ್ತೆ ಅಡ್ಡ ಬಿರುಕಿನ ಮೇಲೆ ಮೂರು ಕಡೆ ಗಾಜಿನ ಪಟ್ಟಿಯ ಎರಡು ತುದಿಯನ್ನು ಬಿರುಕಿನ ಆಚೆಗೊಂದು ಈಚೆಗೊಂದು ಗಾರೆಯಲ್ಲಿ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಹೊಟ್ಟೆ ಬಿಟ್ಟಲ್ಲಿ ಮೇಲಿನಿಂದ ತೂಗುಗುಂಡು ಬಿಟ್ಟು ದಾರಕ್ಕೂ ಗೋಡೆಗೂ ಎಷ್ಟು ಅಂತರ ಅಂತ ಅದೇ ದಿನ ಅಳೆದು ಬರೆದಿಡಿ. ಗಾಜು ಒಡೆದರೆ, ಅಥವಾ ವಾರದಲ್ಲಿ ಅಳತೆ ಕಾಲು ಇಂಚು ಬದಲಾದರೆ, ಸಂಕ್ರಾಂತಿಗೆ ಕಾಯಬೇಡಿ. ಕೆಳಗಿನವರನ್ನು ಆ ಕಡೆಯ ಕೋಣೆಯಲ್ಲಿ ಮಲಗಬೇಡಿ ಅಂತ ಹೇಳಿ, ಮನೆ ಪಾಯ ಮೂಲ ನೆಲದಲ್ಲಿದೆ ಅಂತ ಖಾತ್ರಿ ಇದ್ದರೆ ಆಳು ಕರೆಸಿ ಮೇಲಿನ ಮೂರು ಅಡಿ ಮಣ್ಣು ಮರುದಿನವೇ ಇಳಿಸಿ. ಗುಂಡಿ ತೆಗೆಸಿ ಮನೆ ಪಾಯ ನೋಡಿದ ಮೇಲೆ ಅದರ ಅಳತೆ ಬರೆದು ಕಳಿಸಿ, ಕಂಬದ ಪಾಯದ ಲೆಕ್ಕ ಆಮೇಲೆ ಹಾಕೋಣ.